ಬಿಡಾರ ಬಿಡಲು ಜಾಗ ಎಲ್ಲಿದೆ?

ಮೋಟರ್‌ಹೋಮ್ ಎಂದ ಕೂಡಲೇ ಕಣ್ಣಿಗೆ ಬರುವ ಚಿತ್ರ ಒಂದೇ. ಹಿಂಬಾಗಿಲು ತೆರೆದ ವ್ಯಾನು, ಒಳಗೆ ಬಿಳಿ ಹಾಸಿಗೆ, ಬಾಗಿಲಾಚೆ ಕೆರೆಯೋ ಬೆಟ್ಟವೋ, ಯಾರದೋ ಕೈಯಲ್ಲಿ ಹಬೆಯಾಡುವ ಚಹಾ. ಆ ಚಿತ್ರಗಳನ್ನು ಗಮನವಿಟ್ಟು ನೋಡಿ: ಗಾಡಿ ಯಾವತ್ತೂ ಓಡುತ್ತಿರುವುದಿಲ್ಲ, ನಿಂತಿರುತ್ತದೆ. ಅದು ನಿಂತ ನೆಲ ಯಾರದು, ಅಲ್ಲಿ ನಿಲ್ಲಲು ಯಾರನ್ನು ಕೇಳಿದರು, ಚಹಾದ ನೀರು ಯಾವ ನಲ್ಲಿಯದು, ಬೆಳಿಗ್ಗೆ ಎದ್ದವರು ಶೌಚಕ್ಕೆ ಎಲ್ಲಿಗೆ ಹೋದರು ಎಂಬುದೊಂದೂ ಚಿತ್ರದಲ್ಲಿ ಇರುವುದಿಲ್ಲ.

ಧಾರವಾಡದ ನನ್ನ ಅಕ್ಕ ಮತ್ತು ಮಾಮಾ ಇಂಥದೊಂದು ಗಾಡಿ ಇಟ್ಟುಕೊಂಡು ನಾಲ್ಕು ವರ್ಷವಾಯಿತು. ನಾನು ಪುಣೆಗೆ ಭಾಷಾಶಾಸ್ತ್ರ ಓದಲು ಬಂದವಳು, ಅನುವಾದದ ಕೆಲಸ ಹಿಡಿದು ಇಲ್ಲೇ ಉಳಿದೆ. ಅವರು ಈ ಕಡೆ ಬಂದಾಗಲೆಲ್ಲ ಲ್ಯಾಪ್‌ಟಾಪ್ ಸಮೇತ ಹತ್ತಿಕೊಳ್ಳುತ್ತೇನೆ. ಕಳೆದ ದೀಪಾವಳಿ ಮುಗಿದ ಮೇಲೆ ಐದು ದಿನ ಭೋರ್‌ನಲ್ಲಿದ್ದೆವು. ಈ ಬರಹದ ಬಹುಪಾಲು ಆ ಐದು ದಿನಗಳದ್ದು. ನನ್ನ ವಾದವನ್ನು ಮೊದಲೇ ಹೇಳಿಬಿಡುತ್ತೇನೆ. ನಮ್ಮ ದೇಶದಲ್ಲಿ ಗಾಡಿಯಲ್ಲಿ ಮನೆ ಮಾಡಿದವರಿಗೆ ಓಡುವುದು ಸಮಸ್ಯೆಯೇ ಅಲ್ಲ. ನಿಲ್ಲುವುದು ಸಮಸ್ಯೆ. ಅದಕ್ಕೆ ಸರ್ಕಾರಗಳು ಕಂಡುಕೊಂಡಿರುವ ಉಪಾಯವಾದ ಕ್ಯಾರವಾನ್ ಪಾರ್ಕು ಕೆಲವೇ ಕೆಲವರಿಗೆ ಸಾಕಾಗುತ್ತದೆ. ಬೇಕಾದದ್ದು ಅದಕ್ಕಿಂತ ಅಗ್ಗದ, ಅದಕ್ಕಿಂತ ಹಳೆಯ ಒಂದು ವಸ್ತು.

ಮೊದಲು ಗಾಡಿಯ ವಿಷಯ. ಅಕ್ಕ ಅದನ್ನು ಕೊಂಡದ್ದು ಲೋಕ ಸುತ್ತುವ ಹುಚ್ಚಿಗಲ್ಲ, ಅವ್ವನ ಮೊಣಕಾಲಿಗೆ. ಅವ್ವನಿಗೆ ಪಂಢರಪುರ, ತುಳಜಾಪುರ, ಕೊಲ್ಹಾಪುರ ನೋಡುವ ಆಸೆ. ಆದರೆ ಕೂತು ಏಳಲು ಆಗದವರಿಗೆ ನಮ್ಮ ಹೆದ್ದಾರಿಯ ಶೌಚಾಲಯಗಳು ಎಂಥವೆಂದು ಹೆಣ್ಣುಮಕ್ಕಳಿಗೆ ನಾನು ಹೇಳಬೇಕಿಲ್ಲ. ಬೆಳಗಾವಿ ದಾಟುವವರೆಗೆ ನೀರು ಕುಡಿಯುವುದಿಲ್ಲ ಎಂದು ಹಟ ಹಿಡಿದು ಕೂರುತ್ತಿದ್ದಳು. ಕೊನೆಗೆ ಮಾಮಾ ಒಂದು ಹಳೆಯ ಟ್ರಾವೆಲರ್ ಕೊಂಡು, ಒಳಗೆ ಕಮೋಡು, ಎರಡು ಮಂಚ, ಒಂದು ಒಲೆ ಕೂರಿಸಿದರು. ಅಂದರೆ ನಮ್ಮ ಮನೆಯ ಮೋಟರ್‌ಹೋಮ್ ಮೂಲತಃ ಗಾಲಿಯ ಮೇಲಿನ ಒಂದು ಪಾಯಖಾನೆ. ಮಿಕ್ಕಿದ್ದೆಲ್ಲ ಅದರ ಸುತ್ತ ಬೆಳೆದದ್ದು.

ಟ್ರಾವೆಲರ್ ಮಾಡುವ ಫೋರ್ಸ್ ಮೋಟರ್ಸ್ ಪುಣೆಯ ಆಕುರ್ಡಿಯ ಕಂಪನಿ. 2005ರವರೆಗೆ ಅದರ ಹೆಸರು ಬಜಾಜ್ ಟೆಂಪೋ. ಜರ್ಮನಿಯ ಟೆಂಪೋ ಕಂಪನಿಯ ಜತೆಗೂಡಿ 1958ರಲ್ಲಿ ಮೂರು ಗಾಲಿಯ ಗಾಡಿ ಮಾಡಲು ಶುರು ಮಾಡಿದ್ದರು. ನಾವು ಸಾಮಾನು ಸಾಗಿಸುವ ಗಾಡಿಗೆಲ್ಲ ‘ಟೆಂಪೋ’ ಅನ್ನುವುದು ಆ ಜರ್ಮನ್ ಹೆಸರಿನ ಕೊಡುಗೆ. ‘ಮೆಟಡೋರ್’ ಕೂಡ ಇದೇ ಕಂಪನಿಯ ಗಾಡಿಯ ಹೆಸರು, ನಮ್ಮ ಊರುಗಳಲ್ಲಿ ಅಂಕಿತನಾಮವಾಗಿ ಬಂದು ರೂಢನಾಮವಾಗಿ ಉಳಿಯಿತು. ಮೋಟರ್‌ಹೋಮ್‌ಗೆ ಇನ್ನೂ ಆ ಭಾಗ್ಯ ಬಂದಿಲ್ಲ. ಅಕ್ಕ ಅದನ್ನು ‘ಗಾಡಿ’ ಅನ್ನುತ್ತಾಳೆ, ಅವ್ವ ‘ಮನಿ’ ಅನ್ನುತ್ತಾಳೆ. ‘ಕ್ಯಾರವಾನ್’ ಎಂದರೆ ಕನ್ನಡದ ಕಿವಿಗೆ ಕೇಳುವುದು ಸಿನಿಮಾ ನಟರು ಬಣ್ಣ ಹಚ್ಚಿಕೊಳ್ಳುವ ಬಸ್ಸು.

ಕಾನೂನಿನ ಕಥೆ ಬೇರೆ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ಪ್ರಕಾರ ತಯಾರಕರು ಕೊಟ್ಟ ವಿವರಕ್ಕೆ ವಿರುದ್ಧವಾಗಿ ಗಾಡಿಯನ್ನು ಬದಲಿಸುವ ಹಾಗಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಇದನ್ನು ಬಿಗಿಯಾಗಿಯೇ ಎತ್ತಿಹಿಡಿಯಿತು. ಮೋಟರ್ ಕ್ಯಾರವಾನ್‌ಗಳಿಗೆಂದೇ ಎಐಎಸ್-124 ಎಂಬ ಮಾನದಂಡ ಇದೆ, ಅದನ್ನು ಪ್ರಕಟಿಸಿದ ಎಆರ್‌ಎಐ ಸಂಸ್ಥೆಯೂ ಪುಣೆಯದೇ. 2021ರ ಆಗಸ್ಟ್‌ನಲ್ಲಿ ಕಣ್ಣೂರಿನಲ್ಲಿ ಇಬ್ಬರು ವ್ಲಾಗರ್ ಸಹೋದರರ ಗಾಡಿಯನ್ನು ನಿಯಮ ಮೀರಿ ಮಾರ್ಪಡಿಸಿದ್ದಕ್ಕೆ ವಶಪಡಿಸಿಕೊಂಡಾಗ ಕೇರಳದಲ್ಲಿ ದೊಡ್ಡ ಗದ್ದಲವಾಯಿತು. ಅದೇ ಕೇರಳ ಅದೇ ವರ್ಷ ‘ಕೆರವಾನ್ ಕೇರಳ’ ಎಂಬ ಪ್ರವಾಸೋದ್ಯಮ ಯೋಜನೆ ಪ್ರಕಟಿಸಿತು ಎಂಬುದು ನನಗೆ ಇಂದಿಗೂ ತಮಾಷೆ. ಇರಲಿ. ಗಾಡಿ ಹೇಗಿರಬೇಕು ಎಂದು ಹೇಳಲು ನಮ್ಮಲ್ಲಿ ಕಲಮುಗಳಿವೆ, ಮಾನದಂಡಗಳಿವೆ. ರಾತ್ರಿ ಅದು ಎಲ್ಲಿ ನಿಲ್ಲಬೇಕು ಎಂದು ಹೇಳಲು ಏನೂ ಇಲ್ಲ.

“ಓಡಸೂದೇನ್ ಸರಳ ಐತಿ. ನಿಂದ್ರಸೂದ ತ್ರಾಸ ನೋಡವಾ,” ಎನ್ನುವುದು ಅಕ್ಕನ ಮಾತು.

ಭೋರ್‌ಗೆ ಬಂದ ಮೊದಲ ಸಂಜೆಯೇ ಅದು ನಿಜವಾಯಿತು. ಪುಣೆ–ಬೆಂಗಳೂರು ಹೆದ್ದಾರಿಯಲ್ಲಿ ಕಾಪೂರಹೋಳದ ಹತ್ತಿರ ಪಶ್ಚಿಮಕ್ಕೆ ಹೊರಳಿದರೆ ಸ್ವಲ್ಪ ಹೊತ್ತಿನಲ್ಲೇ ಭೋರ್. ನೀರಾ ನದಿಯ ದಂಡೆಯ ಊರು, ಒಂದು ಕಾಲಕ್ಕೆ ಪಂತ ಸಚಿವರ ಸಂಸ್ಥಾನ. ಹತ್ತಿರದಲ್ಲೇ ಬ್ರಿಟಿಷರ ಕಾಲದ ಭಾಟಘರ್ ಅಣೆಕಟ್ಟು. ಅದರ ಹಿನ್ನೀರು ಎಷ್ಟು ಚೆಂದವೆಂದರೆ ಮೊದಲು ಹೇಳಿದ ಚಿತ್ರವನ್ನು ತೆಗೆಯಲೆಂದೇ ಅಲ್ಲಿ ಹರಡಿದಂತಿದೆ. ಬೇಸಿಗೆಯಲ್ಲಿ ನೀರಿಳಿದಾಗ ಮುಳುಗಿದ್ದ ಕಾಂಬರೇಶ್ವರ ಗುಡಿ ಮೇಲೆ ಬರುತ್ತದೆ. ನಾವು ಹೋದಾಗ ನೀರು ತುಂಬಿತ್ತು. ದಂಡೆಯಲ್ಲಿ ಸಮತಟ್ಟಾಗಿ ಕಂಡ ನೆಲವೆಲ್ಲ ಒಂದೋ ಯಾರದೋ ಬಂಗಲೆಯ ಬೇಲಿಯೊಳಗೆ, ಇಲ್ಲವೇ ಗಾಲಿ ಹೂತುಹೋಗುವ ಕೆಸರು. ಒಂದು ರೆಸಾರ್ಟಿನವರು ಕೋಣೆ ಹಿಡಿದರೆ ಮಾತ್ರ ಅಂಗಳದಲ್ಲಿ ನಿಲ್ಲಿಸಬಹುದು ಎಂದರು. ಮಲಗುವ ಕೋಣೆಯನ್ನು ಬೆನ್ನ ಮೇಲೆ ಹೊತ್ತು ಬಂದವರು ಕೋಣೆ ಹಿಡಿಯಬೇಕು! ಊರೊಳಗೆ ನಿಲ್ಲಿಸಿದರೆ ಹುಡುಗರ ಗುಂಪು ಮುತ್ತಿತು: “ಶೂಟಿಂಗ್ ಆಹೇ ಕಾ? ಹೀರೋ ಕೋಣ್?” ಅವರ ತಪ್ಪಲ್ಲ, ಭೋರ್‌ನ ರಾಜವಾಡೆ ಸಿನಿಮಾ ಚಿತ್ರೀಕರಣಕ್ಕೆ ಹೆಸರಾದದ್ದು, ಇಂಥ ಗಾಡಿ ಅವರು ಕಂಡಿರುವುದು ನಟರಿಗೆ ಮಾತ್ರ. ಅವ್ವ ಕಿಟಕಿಯಿಂದ ಇಣುಕಿದಾಗ ಅವರ ಮುಖದ ಮೇಲಿನ ನಿರಾಶೆ ನೋಡಬೇಕಿತ್ತು.

ಕತ್ತಲಾಗುವ ಹೊತ್ತಿಗೆ ವರಂಧಾ ಘಾಟಿನ ದಾರಿಯಲ್ಲಿ ಒಬ್ಬ ರೈತರು ತಮ್ಮ ಕಣದಲ್ಲಿ ಜಾಗ ಕೊಟ್ಟರು. ಭತ್ತ ಕೊಯ್ದು ಮುಗಿದಿತ್ತು. ಭೋರ್‌ನ ಕಡೆ ಇಂದ್ರಾಯಣಿ, ಆಂಬೇಮೊಹರ್ ಬೆಳೆಯುತ್ತಾರೆ, ಕಣದ ತುಂಬ ಅದರ ಘಮ. ಬಾಡಿಗೆ ಎಷ್ಟೆಂದು ಮಾಮಾ ಕೇಳಿದರೆ ಅವರು ಉತ್ತರ ಕೊಡಲಿಲ್ಲ, ಬದಲಿಗೆ ಎರಡು ಪ್ರಶ್ನೆ ಕೇಳಿದರು. ಮೊದಲನೆಯದು, ನೀರು ಎಷ್ಟು ಬೇಕು. ಎರಡನೆಯದು, ಪಾಯಖಾನೆ ಎಲ್ಲಿ ಸುರಿಯುತ್ತೀರಿ. ಕ್ಯಾರವಾನ್ ಪ್ರವಾಸದ ಯಾವ ಕರಪತ್ರದಲ್ಲೂ ಇಷ್ಟು ಸರಿಯಾದ ಪ್ರಶ್ನೆಗಳನ್ನು ನಾನು ಓದಿಲ್ಲ.

ಯಾಕೆಂದರೆ ಗಾಡಿಯೊಳಗಿನ ದಿನಚರಿ ಈ ಎರಡು ಪ್ರಶ್ನೆಗಳ ಸುತ್ತಲೇ ತಿರುಗುತ್ತದೆ. ನಮ್ಮ ಟ್ಯಾಂಕು 120 ಲೀಟರಿನದು. ನಾಲ್ಕು ಜನ ಮನೆಯ ಹಾಗೆ ಬಳಸಿದರೆ ಒಂದೇ ದಿನ, ಜಿಪುಣತನ ಮಾಡಿದರೆ ಮೂರು ದಿನ. ತಟ್ಟೆಯನ್ನು ಮೊದಲು ಹಳೇ ಪೇಪರಿನಿಂದ ಒರೆಸಿ ಆಮೇಲೆ ತೊಳೆಯುವುದು, ಅಕ್ಕಿ ತೊಳೆದ ನೀರಲ್ಲಿ ತರಕಾರಿ ತೊಳೆಯುವುದು, ಸ್ನಾನಕ್ಕೆ ಒಂದು ಬಕೆಟ್ಟಿನ ಮುಕ್ಕಾಲು. ಪಾತ್ರೆ, ಸ್ನಾನದ ನೀರು ಕೆಳಗಿನ ಇನ್ನೊಂದು ಟ್ಯಾಂಕಿಗೆ ಹೋಗುತ್ತದೆ. ಕಮೋಡಿನ ಅಡಿಯ ಡಬ್ಬಿ 20 ಲೀಟರಿನದು, ಎರಡು ದಿನಕ್ಕೊಮ್ಮೆ ಖಾಲಿ ಮಾಡಲೇಬೇಕು. ಆ ಕೆಲಸ ಮಾಮಾರದ್ದು, ನಸುಕಿನಲ್ಲಿ, ಯಾರೂ ಏಳುವ ಮೊದಲು. ವಿದ್ಯುತ್ತಿನ ಚಿಂತೆ ಅಷ್ಟಿಲ್ಲ: ಮಾಡಿನ ಮೇಲೆ ಸೋಲಾರ್ ಇದೆ, ದೀಪ, ಫ್ಯಾನು, ನನ್ನ ಲ್ಯಾಪ್‌ಟಾಪಿಗೆ ಸಾಕು, ಎಸಿ ಕನಸು. ಗಾಡಿಯ ಎತ್ತರದಿಂದಾಗಿ ಹಳ್ಳಿಗಳಲ್ಲಿ ಜೋತುಬಿದ್ದ ಕರೆಂಟಿನ ತಂತಿ, ಆಲದ ಬಿಳಲು, ರೈಲಿನ ಕೆಳಸೇತುವೆ ಎಲ್ಲವೂ ಶತ್ರುಗಳು. ರೊಟ್ಟಿ ಬಡಿಯಲು ಆಗುವುದಿಲ್ಲ, ಇಡೀ ಗಾಡಿ ಅದುರುತ್ತದೆ. ಹಾಗಾಗಿ ಅಕ್ಕ ಧಾರವಾಡದಿಂದಲೇ ಖಡಕ್ ರೊಟ್ಟಿ ಕಟ್ಟಿಕೊಂಡು ಬರುತ್ತಾಳೆ. ಇದರಲ್ಲಿ ಸುಖ ಇಲ್ಲವೆಂದಲ್ಲ. ಬೆಳಗಿನ ಮಂಜಿನಲ್ಲಿ ರಾಯರೇಶ್ವರದ ಕಡೆಯ ಬೆಟ್ಟದ ಸಾಲು ನೋಡುತ್ತ ಅವ್ವ ಯಾವ ಆತಂಕವೂ ಇಲ್ಲದೆ ಎರಡನೇ ಲೋಟ ಚಹಾ ಕುಡಿದದ್ದನ್ನು ನೋಡಿದರೆ ಗಾಡಿಗೆ ಕೊಟ್ಟ ದುಡ್ಡು ತೀರಿತು ಅನ್ನಿಸುತ್ತದೆ.

ರೈತರ ಮನೆಯ ಶೌಚಾಲಯ ಗೋಬರ್ ಗ್ಯಾಸಿನ ಗುಂಡಿಗೆ ಜೋಡಿಸಿದ್ದು. ನಮ್ಮ ಡಬ್ಬಿಯನ್ನು ಅದರಲ್ಲಿ ಸುರಿಯಲು ಒಪ್ಪಿದರು, ಒಂದೇ ಷರತ್ತು, ಫಿನಾಯಿಲಾಗಲಿ ನೀಲಿ ದ್ರಾವಣವಾಗಲಿ ಹಾಕಿರಬಾರದು, ಹಾಕಿದ್ದರೆ ಗುಂಡಿಯೊಳಗಿನ ಜೀವಾಣು ಸಾಯುತ್ತದೆ, ಒಲೆ ಉರಿಯುವುದಿಲ್ಲ. ಆಮೇಲೆ ನಗುತ್ತ ಹೇಳಿದರು: ಪ್ರತಿ ವರ್ಷ ದೀಪಾವಳಿ ಆದ ಮೇಲೆ ಧನಗರರು ಕುರಿ ಹೊಡೆದುಕೊಂಡು ಈ ದಾರಿಯಲ್ಲೇ ಕೊಂಕಣಕ್ಕೆ ಇಳಿಯುತ್ತಾರೆ, ನನ್ನ ಗದ್ದೆಯಲ್ಲಿ ಎರಡು ರಾತ್ರಿ ಕುರಿ ಕೂರಿಸುತ್ತಾರೆ, ನಾನೇ ಅವರಿಗೆ ಧಾನ್ಯ ಕೊಡುತ್ತೇನೆ, ಅವರು ಬಿಟ್ಟು ಹೋಗುವುದು ಗೊಬ್ಬರ, ನೀವೇನು ಬಿಟ್ಟು ಹೋಗುತ್ತೀರಿ?

ನಮ್ಮ ಕಡೆ ‘ಕುರಿ ತರುಬುವುದು’ ಎನ್ನುವ ವ್ಯವಹಾರವೇ ಇದು. ಕುರುಬರ ಬೀರಪ್ಪನೇ ಇಲ್ಲಿಯ ಧನಗರರ ಬೀರೋಬಾ, ಆದ್ದರಿಂದ ವ್ಯವಹಾರ ಒಂದೇ ಇರುವುದರಲ್ಲಿ ಆಶ್ಚರ್ಯವಿಲ್ಲ. ಮೂರನೇ ದಿನ ಅವರು ಬಂದೇ ಬಂದರು. ಎರಡು ಕುದುರೆಗಳ ಬೆನ್ನ ಮೇಲೆ ಹಾಸಿಗೆ, ಪಾತ್ರೆ, ಗುಡಾರದ ಬಟ್ಟೆ, ಹಗ್ಗ, ಅದರ ಮೇಲೊಂದು ಕೋಳಿಪಂಜರ, ಪಂಜರದ ಪಕ್ಕ ಒಂದು ಪುಟ್ಟ ಮಗು. ಅರ್ಧ ಗಂಟೆಯಲ್ಲಿ ಮನೆ ಎದ್ದು ನಿಂತಿತು, ಒಲೆ ಹೊತ್ತಿತು. ನಾವು ಗಾಡಿಯನ್ನು ಸಮತಟ್ಟಾಗಿಸಲು ಗಾಲಿಯಡಿ ಹಲಗೆ ಇಡುವುದಕ್ಕೇ ಅಷ್ಟು ಹೊತ್ತು ಬೇಕಾಗಿತ್ತು.

ಮರಾಠಿಯಲ್ಲಿ ಒಂದು ಗಾದೆ ಇದೆ: ‘ವಿಂಚವಾಚ ಬಿರ್ಹಾಡ ಪಾಠೀವರ’, ಚೇಳಿನ ಬಿಡಾರ ಅದರ ಬೆನ್ನ ಮೇಲೆ. ತಾಯಿಚೇಳು ಮರಿಗಳನ್ನು ಬೆನ್ನಿಗೆ ಹೊತ್ತು ತಿರುಗುವುದನ್ನು ಕಂಡು ಹುಟ್ಟಿದ ಮಾತು. ನಿಂತಲ್ಲಿ ನಿಲ್ಲದ ಸಂಸಾರಕ್ಕೆ ಹೇಳುತ್ತಾರೆ. ‘ಬಿರ್ಹಾಡ’ ಎಂದರೆ ಬಾಡಿಗೆಗೆ ಇಳಿದ ಮನೆಯೂ ಹೌದು, ಆ ಮನೆಯ ಸಾಮಾನು ಸಂಸಾರವೂ ಹೌದು. ನನ್ನ ಕನ್ನಡದ ಕಿವಿ ಅದನ್ನು ‘ಬಿಡಾರ’ದ ಒಡಹುಟ್ಟು ಎಂದೇ ಕೇಳಿಸಿಕೊಳ್ಳುತ್ತದೆ. ಬಿಡಾರ, ಬೀಡು, ಬಿಡುವು ಎಲ್ಲ ‘ಬಿಡು’ವಿನ ಮಕ್ಕಳು. ಎತ್ತಿನ ಕೊರಳು ಬಿಟ್ಟ ಜಾಗವೇ ಬೀಡು. ನಮ್ಮ ಶಾಸನಗಳಲ್ಲಿ ರಾಜರು ಆಳುವುದು ‘ನೆಲೆವೀಡಿ’ನಿಂದ, ಅಂದರೆ ನೆಲೆಯಾಗಿ ನಿಂತ ಬೀಡಿನಿಂದ. ರಾಜಧಾನಿಯನ್ನೇ ಕೊಂಚ ದೀರ್ಘವಾದ ಬಿಡಾರ ಎಂದು ಕರೆದ ಭಾಷೆ ನಮ್ಮದು.

ಅಲ್ಲಿಂದ ನಾವು ಎಲ್ಲಿಗೆ ಬಂದೆವು? 1871ರ ಅಪರಾಧಿ ಬುಡಕಟ್ಟುಗಳ ಕಾಯ್ದೆಯಿಂದ ಬ್ರಿಟಿಷರು ಊರೂರು ತಿರುಗುವ ಜಾತಿಗಳನ್ನು ಹುಟ್ಟಿನಿಂದಲೇ ಅಪರಾಧಿಗಳೆಂದು ಪಟ್ಟಿ ಮಾಡಿದರು. 1952ರಲ್ಲಿ ಪಟ್ಟಿ ಹೋಯಿತು, ಅನುಮಾನ ಹೋಗಲಿಲ್ಲ. ಇಲ್ಲಿಗೆ ದೂರವಲ್ಲದ ಫಲಟಣದ ಕಡೆಯ ಲಕ್ಷ್ಮಣ ಮಾನೆಯವರ ‘ಉಪರಾ’ ಓದಿದವರಿಗೆ ಕತ್ತೆಯ ಮೇಲೆ ಬಿಡಾರ ಹೇರಿದ ಕೈಕಾಡಿ ಕುಟುಂಬ ಪ್ರತಿ ಊರಿನ ಅಂಚಿನಲ್ಲೂ ಏನು ಕಂಡಿತು ಎಂಬುದು ಗೊತ್ತು. 1959ರ ಮುಂಬಯಿ ಭಿಕ್ಷಾಟನೆ ತಡೆ ಕಾಯ್ದೆಯಂತೂ, ಕಣ್ಣಿಗೆ ಕಾಣುವ ಜೀವನೋಪಾಯವಿಲ್ಲದೆ ಸಾರ್ವಜನಿಕ ಜಾಗದಲ್ಲಿ ಅಲೆಯುವುದನ್ನೂ ಭಿಕ್ಷಾಟನೆಯ ವ್ಯಾಖ್ಯೆಯೊಳಗೆ ಸೇರಿಸಿತು. ‘ಕಣ್ಣಿಗೆ ಕಾಣುವ’ ಎಂಬ ಮಾತು ಗಮನಿಸಿ. ಬಿಳಿ ಬಣ್ಣದ ಟ್ರಾವೆಲರ್ ಕಣ್ಣಿಗೆ ಚೆನ್ನಾಗಿ ಕಾಣುತ್ತದೆ.

ಎಷ್ಟು ಚೆನ್ನಾಗಿ ಎಂದರೆ, ಹೋದ ವರ್ಷ ಹೆದ್ದಾರಿಯ ಒಂದು ಪೆಟ್ರೋಲ್ ಬಂಕಿನಲ್ಲಿ ರಾತ್ರಿ ತಂಗಿದಾಗ ನಡೆದದ್ದು ಕೇಳಿ. ನಮ್ಮ ಹಿಂದೆಯೇ ಒಂದು ಟ್ರ್ಯಾಕ್ಟರು ಎರಡು ಟ್ರಾಲಿ ಎಳೆದುಕೊಂಡು ಬಂದು ನಿಂತಿತು. ಬೀಡ್ ಜಿಲ್ಲೆಯಿಂದ ಕಬ್ಬು ಕಡಿಯಲು ಹೊರಟ ಆರೇಳು ಕುಟುಂಬ. ಟ್ರಾಲಿಯಲ್ಲಿ ಪಾತ್ರೆ, ತಾಡಪಾಲು, ಆಡು, ಕೋಳಿ, ಮಕ್ಕಳು. ಈ ಕೆಲಸದಲ್ಲಿ ಗಂಡ ಹೆಂಡತಿ ಜೋಡಿಗೆ ‘ಕೋಯ್ತಾ’ ಎನ್ನುತ್ತಾರೆ, ಅಂದರೆ ಕುಡುಗೋಲು: ಇಬ್ಬರು ಮನುಷ್ಯರು ಸೇರಿ ಒಂದು ಉಪಕರಣ. ಅವರು ಹೋಗುವ ಜಾಗದಲ್ಲಿ ‘ಕೋಪಿ’ ಎಂಬ ಗುಡಿಸಲು ಹೂಡಿ ಐದಾರು ತಿಂಗಳು ಇರುತ್ತಾರೆ. ಭೋರ್ ತಾಲ್ಲೂಕಿನಲ್ಲಿ ನಿಗಡೆಯ ಬಳಿ ಒಂದು ಸಹಕಾರಿ ಸಕ್ಕರೆ ಕಾರ್ಖಾನೆ ಇದೆ, ನಮ್ಮ ಬೆಳಗಾವಿ, ಬಾಗಲಕೋಟೆಯ ಕಾರ್ಖಾನೆಗಳಿಗೂ ಇಂಥವರೇ ಬರುತ್ತಾರೆ. ಬಂಕಿನ ಹುಡುಗ ಬಂದು ಅವರನ್ನು ಎಬ್ಬಿಸಿ ಕಳಿಸಿದ. ನಮಗೆ ನೀರು ಬೇಕಾ ಅಂತ ಕೇಳಿದ. ಅವರಿಗೂ ನಮಗೂ ಆ ರಾತ್ರಿ ಬೇಕಾಗಿದ್ದದ್ದು ಒಂದೇ: ಬೆಳಕು, ನಲ್ಲಿ, ಹೆಂಗಸರಿಗೆ ಬಾಗಿಲಿರುವ ಒಂದು ಕೋಣೆ.

ನಾವೂ ಅವರೂ ಒಂದೇ ಎಂದು ಹೇಳುವ ಧೈರ್ಯ ನನಗಿಲ್ಲ. ನಮ್ಮದು ತಿರುಗಾಟ, ಬೇಸರವಾದರೆ ಧಾರವಾಡದಲ್ಲಿ ಮನೆ ಇದೆ. ಅವರದು ಮುಂಗಡ ಪಡೆದ ಸಾಲ ತೀರಿಸುವ ಪಯಣ. ಆದರೆ ನೀರು ಮತ್ತು ಶೌಚದ ಲೆಕ್ಕಕ್ಕೆ ಈ ವ್ಯತ್ಯಾಸ ಗೊತ್ತಾಗುವುದಿಲ್ಲ, ಮತ್ತು ನನ್ನ ವಾದ ನಿಂತಿರುವುದು ಆ ಲೆಕ್ಕದ ಮೇಲೆ.

ಮಹಾರಾಷ್ಟ್ರ ಸರ್ಕಾರ 2021ರಲ್ಲಿ ಕ್ಯಾರವಾನ್ ಪ್ರವಾಸೋದ್ಯಮ ನೀತಿ ತಂದಿತು. ಪಾರ್ಕುಗಳನ್ನು ಕಟ್ಟುವ ಹೂಡಿಕೆದಾರರಿಗೆ ರಿಯಾಯಿತಿ ಇತ್ಯಾದಿ. ಕೇರಳದ ವಾಗಮಣ್‌ನಲ್ಲಿ 2022ರಲ್ಲಿ ಅಂಥ ಪಾರ್ಕು ತೆರೆಯಿತು. ಕಲ್ಪನೆ ಎಲ್ಲ ಕಡೆಯೂ ಹೆಚ್ಚುಕಡಿಮೆ ಒಂದೇ: ಬೇಲಿ, ಗೇಟು, ಹುಲ್ಲುಹಾಸು, ರೆಸ್ಟೋರೆಂಟು. ಅಂದರೆ ಗಾಡಿ ತರುವ ಅತಿಥಿಗಳಿಗೆ ಇನ್ನೊಂದು ಬಗೆಯ ರೆಸಾರ್ಟು. ಮಾಮಾ ಇದನ್ನು ಒಪ್ಪುವುದಿಲ್ಲ. “ರೊಕ್ಕಾ ಕೊಟ್ಟ ನಿಶ್ಚಿಂತಿಯಿಂದ ಮಕ್ಕೊಳೂದರಾಗ ತಪ್ಪೇನೈತಿ?” ಎನ್ನುತ್ತಾರೆ. ತಪ್ಪಿಲ್ಲ. ಅವ್ವ ಒಬ್ಬಳೇ ಗಾಡಿಯಲ್ಲಿರುವಾಗ ಗೇಟಿದ್ದರೆ ನನಗೂ ಸಮಾಧಾನವೇ. ಆದರೆ ಇಂಥ ಪಾರ್ಕು ಬರುವುದು ಹೆಸರಾದ ಜಾಗಗಳಲ್ಲಿ. ಭೋರ್‌ನಂಥ ಊರಿಗೆ, ಹೆದ್ದಾರಿಯಿಂದ ಒಳಗೆ, ವರ್ಷಕ್ಕೆ ಹತ್ತೋ ಇಪ್ಪತ್ತೋ ಮೋಟರ್‌ಹೋಮ್ ಬರುವ ಕಡೆ ಯಾವ ಹೂಡಿಕೆದಾರ ಹುಲ್ಲು ಬೆಳೆಸುತ್ತಾನೆ? ನಮಗಾಗಿ ಮಾತ್ರ ಕೇಳಿದರೆ ನಮಗೆ ಸಿಗುವುದಿಲ್ಲ. ಕುರಿಯವರು, ಕಬ್ಬಿನವರು, ಮಂಢರದೇವಿಯ ಜಾತ್ರೆಗೆ ಟೆಂಪೋದಲ್ಲಿ ಬಂದು ಅದರಲ್ಲೇ ಮಲಗುವವರು, ಲಾರಿ ಚಾಲಕರು, ಇವರೆಲ್ಲರ ಜತೆ ಸೇರಿ ಕೇಳಿದರೆ ವರ್ಷವಿಡೀ ಬಳಕೆಯಾಗುವ ಒಂದು ಜಾಗದ ಲೆಕ್ಕ ಹುಟ್ಟುತ್ತದೆ. 2025ರ ಅಕ್ಟೋಬರ್‌ನಿಂದ ತಯಾರಾಗುವ ಲಾರಿಗಳ ಕ್ಯಾಬಿನ್ನಿಗೆ ಎಸಿ ಕಡ್ಡಾಯ ಮಾಡಿದ್ದಾರೆ, ಒಳ್ಳೆಯದು. ಎಸಿ ಕ್ಯಾಬಿನ್ನಿನಲ್ಲಿ ಮಲಗಿದ ಚಾಲಕನೂ ಬೆಳಿಗ್ಗೆ ಬಾಟಲಿ ಹಿಡಿದು ಪೊದೆಯ ಕಡೆಗೇ ಹೋಗಬೇಕಾಗಿದೆ.

ಹಿಂದೆ ಇದು ನಮಗೆ ಗೊತ್ತಿದ್ದ ವಿದ್ಯೆ. ಅರವಟ್ಟಿಗೆ, ಛತ್ರ, ಧರ್ಮಶಾಲೆ, ತಲೆಹೊರೆ ಇಳಿಸುವ ಕಲ್ಲು, ದನ ಕುಡಿಯುವ ತೊಟ್ಟಿ. ಇವು ಯಾವುವೂ ಪ್ರವಾಸಿಗರಿಗೆಂದು ಕಟ್ಟಿದ್ದಲ್ಲ, ದಾರಿಯಲ್ಲಿ ಇರುವವರಿಗೆಂದು ಕಟ್ಟಿದ್ದು. ಇಂದಿಗೂ ಗೊತ್ತಿಲ್ಲವೆಂದಲ್ಲ. ಇದೇ ನೀರಾ ನದಿ ಕೆಳಗೆ ಹರಿದು ಹೋಗುವ ನೀರಾ ಊರಿನಲ್ಲಿ ಆಷಾಢದ ವಾರಿಯಲ್ಲಿ ಜ್ಞಾನೇಶ್ವರರ ಪಾದುಕೆಗೆ ಸ್ನಾನವಾಗುತ್ತದೆ, ಪಾಲಖಿ ನದಿ ದಾಟುತ್ತದೆ. ಲಕ್ಷಗಟ್ಟಲೆ ಜನ. ಪ್ರತಿ ದಿಂಡಿಯ ಜತೆ ಒಂದು ಲಾರಿ, ಅದರಲ್ಲಿ ಗುಡಾರ, ಅಡುಗೆ ಸಾಮಾನು, ಹಾಸಿಗೆ. ಅವೂ ಮೋಟರ್‌ಹೋಮ್‌ಗಳೇ, ಒಂದೊಂದಕ್ಕೂ ನೂರಾರು ಯಜಮಾನರು. ಆ ದಿನಗಳಲ್ಲಿ ಸರ್ಕಾರ ನೀರಿನ ಟ್ಯಾಂಕರು, ಸಂಚಾರಿ ಶೌಚಾಲಯ, ದೀಪ, ವೈದ್ಯರು ಎಲ್ಲ ಒದಗಿಸುತ್ತದೆ. ಅಂದಮೇಲೆ ತಿರುಗುವವರಿಗೆ ನಿಲ್ಲುವ ಏರ್ಪಾಡು ಮಾಡುವುದು ಹೇಗೆಂದು ಅದಕ್ಕೆ ಚೆನ್ನಾಗಿ ಗೊತ್ತು. ಉಳಿದ ದಿನಗಳಿಗೂ ಚಿಕ್ಕ ಪ್ರಮಾಣದಲ್ಲಿ ಅದನ್ನೇ ಮಾಡಿ ಎನ್ನುತ್ತಿದ್ದೇನೆ. ಪ್ರತಿ ತಾಲ್ಲೂಕು ಊರಿನ ಅಂಚಿನಲ್ಲಿ ಒಂದೆರಡು ಎಕರೆ ಸಮತಟ್ಟು ನೆಲ, ನಾಲ್ಕು ನಲ್ಲಿ, ಹೆಂಗಸರಿಗೆ ಬೇರೆ ಮಾಡಿದ ಶೌಚ ಮತ್ತು ಸ್ನಾನದ ಕೋಣೆ, ಅದರಲ್ಲಿ ಒಂದಾದರೂ ಕಮೋಡು, ಡಬ್ಬಿ ಸುರಿಯಲು ಮುಚ್ಚಳವಿರುವ ಗುಂಡಿ, ಪಾತ್ರೆ ನೀರಿಗೆ ಇಂಗುಗುಂಡಿ, ದನ ಕುರಿಗೆ ತೊಟ್ಟಿ, ಒಂದು ದೀಪ. ನಮ್ಮಂಥ ಗಾಡಿಗಳಿಂದ ರಾತ್ರಿಗೆ ಮುನ್ನೂರೋ ನಾನೂರೋ ರೂಪಾಯಿ ತೆಗೆದುಕೊಳ್ಳಲಿ, ಕೋಣೆ ಬಾಡಿಗೆ ಉಳಿಸಿದವರು ಅಷ್ಟು ಕೊಡಬಹುದು. ಕಬ್ಬಿನವರಿಂದ, ಕುರಿಯವರಿಂದ ತೆಗೆದುಕೊಳ್ಳಬಾರದು.

ಇದನ್ನು ನಾನು ಬರೀ ಇಲ್ಲಿ ಬರೆದು ಬಿಟ್ಟಿಲ್ಲ. ಐದನೇ ದಿನ ಕಣದಲ್ಲಿ ಕೂತು ಊರಿನ ಆಡಳಿತಕ್ಕೆ ಮರಾಠಿಯಲ್ಲಿ ಒಂದು ಅರ್ಜಿ ಬರೆದೆ. ಇಂಥ ಜಾಗಕ್ಕೆ ಯಾವ ಹೆಸರು ಕೊಡುವುದು ಎಂದು ಹೊತ್ತು ಹೋಯಿತು. ‘ಪಾರ್ಕಿಂಗ್’ ಎಂದರೆ ಕಾರು, ‘ಕ್ಯಾರವಾನ್ ಪಾರ್ಕ್’ ಎಂದರೆ ಹೂಡಿಕೆದಾರ, ‘ಧರ್ಮಶಾಲೆ’ ಎಂದರೆ ಟ್ರಸ್ಟು. ರೈತರನ್ನೇ ಕೇಳಿದೆ. ‘ತಳ’ ಎಂದು ಬರೆಯಿರಿ ಎಂದರು. ಪಾಲಖಿ ಇಳಿಯುವ ಬಯಲಿಗೆ ‘ಪಾಲಖೀ ತಳ’ ಎನ್ನುತ್ತಾರೆ, ಸರ್ಕಾರದ ಕಾಗದಗಳಲ್ಲೂ ಅದೇ ಮಾತಿದೆ, ಅಧಿಕಾರಿಗಳಿಗೆ ಅರ್ಥವಾಗದೆ ಇರುವ ಪ್ರಶ್ನೆಯೇ ಇಲ್ಲ. ಕನ್ನಡದಲ್ಲಿ ‘ತಳ ಊರು’ ಎಂದರೆ ನೆಲೆಯಾಗಿ ಕೂರುವುದು, ಒಂದು ರಾತ್ರಿಗೆ ಅದು ಭಾರವಾಗುವುದಿಲ್ಲವೇ ಎಂದು ನನಗೆ ಅನುಮಾನ. “ಅವರ ಭಾಷಾದಾಗ ಅವರ ಹೇಳಿದ್ದ ಖರೆ, ಸುಮ್ನ ಬರೀ,” ಎಂದಳು ಅವ್ವ. ‘ಫಿರತ್ಯಾಂಸಾಠೀ ತಳ’, ತಿರುಗುವವರಿಗ��ಂದು ತಳ, ಎಂದು ಶೀರ್ಷಿಕೆ ಹಾಕಿ, ಕೆಳಗೆ ರೈತರದ್ದೂ ಆ ಧನಗರ ಯಜಮಾನರದ್ದೂ ಸಹಿ ಹಾಕಿಸಿ, ಅಕ್ಕನ ಸಹಿ ಮೂರನೆಯದಾಗಿ ಸೇರಿಸಿ, ಭೋರ್ ಬಿಡುವ ದಿನ ಕೊಟ್ಟು ಬಂದೆವು. ಸ್ವೀಕೃತಿಯ ಮೊಹರು ಹಾಕಿದ ಪ್ರತಿ ಗಾಡಿಯ ಡ್ಯಾಶ್‌ಬೋರ್ಡಿನ ಖಾನೆಯಲ್ಲಿದೆ, ಆರ್‌ಸಿ ಪುಸ್ತಕದ ಜತೆಗೆ.